ಎದುರು ಕೂತವರ ಕಿವಿ

ಗಿಟಾರ್ ಆರಿಸುವವರನ್ನು ಗಮನಿಸಿದ್ದೀರಾ? ಅಂಗಡಿಯಲ್ಲಿ ಸದ್ದಿಲ್ಲದ ಮೂಲೆ ಹುಡುಕಿ, ಸ್ಟೂಲಿನ ಮೇಲೆ ಕೂತು, ಗಿಟಾರನ್ನು ಎದೆಗೆ ಅವಚಿಕೊಂಡು, ನಿದ್ದೆ ಹೋದ ಮಗುವಿನ ತಲೆ ನೇವರಿಸಿದ ಹಾಗೆ ಒಂದೊಂದೇ ತಂತಿ ಮೀಟುತ್ತಾರೆ. ಕಣ್ಣು ಮುಚ್ಚುತ್ತಾರೆ. ‘ಆಹಾ’ ಅನ್ನುತ್ತಾರೆ. ಆಮೇಲೆ ಅದನ್ನೇ ತಂದು ಹತ್ತು ಜನರ ನಡುವೆ ಕೂತು ದಬದಬ ಬಾರಿಸುತ್ತಾರೆ.

ನಾನೂ ಹೀಗೇ ಕೊಂಡವನು. ಮುಂಭಾಗ ಸೀಡರ್, ಹಿಂಭಾಗ ರೋಸ್‌ವುಡ್, ಅಂದರೆ ಬೀಟೆ. ಬೆರಳು ತಾಗಿಸಿದರೆ ಸಾಕು, ಮಾತಾಡುತ್ತಿತ್ತು. ಗೆಳೆಯರ ಗುಂಪಿಗೆ ತೆಗೆದುಕೊಂಡು ಹೋದ ದಿನ ನೋಡಿ, ಅದರ ಬಾಯಿ ಕಟ್ಟಿಹೋಯಿತು. ಜೋರಾಗಿ ಬಾರಿಸಿದೆ, ಸದ್ದು ಜಾಸ್ತಿ ಆಗಲಿಲ್ಲ, ಒಡೆಯಿತು. ಸೀಡರ್ ಮೆತ್ತನೆಯ ಮರ. ಮೆಲ್ಲಗೆ ನುಡಿಸಿದರೆ ಬೇಗ ಓಗೊಡುತ್ತದೆ, ಆದರೆ ಒಂದು ಹಂತ ದಾಟಿದ ಮೇಲೆ ನೀವೆಷ್ಟು ಬಡಿದರೂ ಅಷ್ಟೇ. ಮುಂಭಾಗಕ್ಕೆ ಹಾಕುವ ಇನ್ನೊಂದು ಮರ ಸ್ಪ್ರೂಸ್ ಹಾಗಲ್ಲ. ಮೊದಲು ಸ್ವಲ್ಪ ಬಿಗುಮಾನ, ಆಮೇಲೆ ಕೈಯ ಜೋರು ಏರಿದಷ್ಟೂ ಅದೂ ಏರುತ್ತದೆ.

ಇನ್ನು ಬೀಟೆಯ ಕಥೆ. ಅದರ ನಾದ ಬೇಗ ಆರುವುದಿಲ್ಲ. ಒಬ್ಬರೇ ಕೂತಾಗ ಅದೇ ಚೆಂದ. ಗುಂಪಿನಲ್ಲಿ ಹಾಡು ಓಡುತ್ತಿರುವಾಗ ಮಾತ್ರ, ಹಿಂದಿನ ಕಾರ್ಡಿನ, ಅಂದರೆ ಒಟ್ಟಿಗೆ ಮೀಟಿದ ಸ್ವರಗುಚ್ಛದ, ಮಂದ್ರ ಸ್ವರ ಇನ್ನೂ ಗುಂಯ್‌ಗುಡುತ್ತಿರುತ್ತದೆ, ಅಷ್ಟರಲ್ಲಿ ಮುಂದಿನ ಕಾರ್ಡ್ ಬಂದು ಅದರ ಮೇಲೆ ಬೀಳುತ್ತದೆ, ಪಕ್ಕದವನ ಗಿಟಾರಿನದೂ ಸೇರಿಕೊಳ್ಳುತ್ತದೆ, ಹಾಡುವವರ ದನಿ ಇವೆಲ್ಲದರ ಅಡಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಮಹಾಗನಿಯ ನಾದ ಒಣ, ಚುಟುಕು. ಹೇಳಬೇಕಾದ್ದು ಹೇಳಿ ಸುಮ್ಮನಾಗುತ್ತದೆ. ಹತ್ತು ಜನ ಕೂತ ಕಡೆ ಅಂಥವರೇ ಬೇಕು ಅಲ್ವಾ?

ಆಕಾರಕ್ಕೆ ಬಂದರೆ ಎಲ್ಲರೂ ಮೊದಲು ಹೇಳುವ ಹೆಸರು ಡ್ರೆಡ್‌ನಾಟ್. 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯ ಹೆಸರದು. ಮಾರ್ಟಿನ್ ಕಂಪನಿ 1916ರಲ್ಲಿ ಇನ್ನೊಂದು ಕಂಪನಿಗಾಗಿ ಈ ಅಗಲ ಮೈಯ ಗಿಟಾರ್ ಮಾಡಿಕೊಟ್ಟಿತು, ತನ್ನ ಹೆಸರಲ್ಲಿ ಮಾರಲು ಶುರು ಮಾಡಿದ್ದು 1931ರಲ್ಲಿ. ಮೈಕು ಹಿಡಿಯದೆ ಗುಂಪಿನಲ್ಲಿ ಕೇಳಿಸಬೇಕು ಅಂದರೆ ಈಗಲೂ ಇದೇ ಸರಿ. ಇದಕ್ಕಿಂತ ದೊಡ್ಡದು ಜಂಬೊ, 17 ಇಂಚಿನವರೆಗೂ ಅಗಲ. ನನ್ನಂಥ ಸಣ್ಣಾಳು ಅದನ್ನು ಹಿಡಿದರೆ ಬಲಭುಜ ಕಿವಿಗೆ ತಾಗುತ್ತದೆ, ನಾಲ್ಕನೇ ಹಾಡಿಗೆ ಕತ್ತು ಹಿಡಿಯುತ್ತದೆ. ದೊಡ್ಡದೆಲ್ಲ ಒಳ್ಳೆಯದೂ ಅಲ್ಲ. ಗುಂಪಿನಲ್ಲಿ ಆಗಲೇ ಎರಡು ಡ್ರೆಡ್‌ನಾಟ್ ಇದ್ದರೆ ನೀವು ಮೂರನೆಯದು ತರಬೇಡಿ. ಚಿಕ್ಕ ಮೈಯದ್ದು ತನ್ನಿ. ಅಥವಾ ಇದ್ದದ್ದಕ್ಕೇ ಐದನೇ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ; ಉಳಿದವರು ಜಿ ಕಾರ್ಡ್ ಹಿಡಿದಾಗ ನೀವು ಡಿ ಕಾರ್ಡಿನ ಆಕಾರ ಹಿಡಿಯಿರಿ. ಸ್ವರಗಳು ಅವೇ, ಕೇಳಿಸುವ ಜಾಗ ಮಾತ್ರ ಮೇಲೆ.

ತಂತಿ ತೀರಾ ಸಪೂರ ಬೇಡ. 10ರ ಸೆಟ್, ಅಂದರೆ ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ ಹತ್ತು ಪಾಲು ದಪ್ಪ ಇರುವಂಥದ್ದು, ಬೆರಳಿಗೆ ಹಿತ, ಆದರೆ ಜೋರು ಕೈಗೆ ಅದು ತೆಳುವಾಗಿ ಕಿಣಿಕಿಣಿ ಅನ್ನುತ್ತದೆ. 12ರದ್ದು ಹಾಕಿ, ಎರಡು ವಾರ ಬೆರಳು ಶಾಪ ಹಾಕುತ್ತದೆ, ಆಮೇಲೆ ಸುಮ್ಮನಾಗುತ್ತದೆ. ತಂತಿಯನ್ನು ಫ್ರೆಟ್ಟಿಗೆ ತೀರಾ ಹತ್ತಿರ ಇಳಿಸಿಟ್ಟ ಗಿಟಾರುಗಳೂ ಇರುತ್ತವೆ. ಮೆಲ್ಲಗೆ ನುಡಿಸುವಾಗ ಬೆಣ್ಣೆ, ಜೋರಾಗಿ ಬಾರಿಸಿದರೆ ಝರ್‌ರ್ ಅನ್ನುತ್ತವೆ. ಹನ್ನೆರಡನೇ ಫ್ರೆಟ್ಟಿನ ಹತ್ತಿರ ದಪ್ಪ ತಂತಿಯ ಕೆಳಗೆ ಎರಡೂವರೆ ಮಿಲಿಮೀಟರಿನಷ್ಟು ಸಂದು ಇರಲಿ.

ತಂತಿ ಮೀಟುವ ಪುಟ್ಟ ಬಿಲ್ಲೆ ಪಿಕ್ ಬಗ್ಗೆ ಹೇಳುವುದು ಬಹಳವಿಲ್ಲ. ಕಳೆದುಹೋಗುವುದೇ ಅದರ ಕಸುಬು. ಅದರಲ್ಲೂ ಹಾಡು ಏರಿದ ಹೊತ್ತಿಗೆ ಬೆರಳಿನಿಂದ ಜಾರಿ, ನೆಟ್ಟಗೆ ಗಿಟಾರಿನ ಹೊಟ್ಟೆಗೇ ಹೋಗಿ ಬೀಳುತ್ತದೆ. ಆಗ ಗಿಟಾರನ್ನು ಬೋರಲು ಹಾಕಿ ತಲೆಯ ಮೇಲೆತ್ತಿ ಅಲುಗಾಡಿಸಬೇಕು. ಒಳಗೆ ಲೊಟಲೊಟ ಸದ್ದು. ತೂತಿನ ಅಂಚಿನವರೆಗೆ ಬರುತ್ತದೆ, ಇಣುಕುತ್ತದೆ, ವಾಪಸ್ ಹೋಗುತ್ತದೆ. ಎದುರಿಗೆ ಹತ್ತು ಜನ ಚಪ್ಪಾಳೆ ನಿಲ್ಲಿಸಿ ಕಾಯುತ್ತಿರುತ್ತಾರೆ.

ಎರಡನೇ ಸಲ ಕೊಳ್ಳುವಾಗ ಗೆಳೆಯನನ್ನು ಕರೆದುಕೊಂಡು ಹೋದೆ. ಗಿಟಾರಿನ ಸದ್ದು ಹೊರಡುವುದು ಮುಂದಕ್ಕೆ, ನುಡಿಸುವವನ ಕಿವಿ ಇರುವುದು ಅದರ ಹಿಂದೆ. ಅದಕ್ಕೇ ಅವನ ಕೈಗೆ ಪಿಕ್ ಕೊಟ್ಟು, ‘ಬಾರಿಸ್ತಾ ಹಾಡು’ ಅಂದೆ. ನಾನು ಆರೇಳು ಅಡಿ ದೂರದಲ್ಲಿ ಗೋಡೆಗೆ ಮುಖ ಮಾಡಿ ನಿಂತೆ, ಯಾವುದು ಎಂಥ ಹೊಳಪಿನದ್ದು ಅಂತ ಕಾಣಬಾರದು ನೋಡಿ. ಅವನ ಹಾಡು ಹೇಳುವ ಹಾಗಿರಲಿಲ್ಲ. ಅದೂ ಒಳ್ಳೆಯದೇ ಆಯಿತು, ಗುಂಪಿನಲ್ಲಿ ಹಾಡುವವರೂ ಹಾಗೇ ತಾನೇ. ಒಂದು ಗಿಟಾರ್ ಅವನ ದನಿಯನ್ನು ನುಂಗಿತು. ಇನ್ನೊಂದು ತಾಳ ಬಿಟ್ಟು ಬರೀ ಗುಂಯ್ ಅಂದಿತು. ಮೂರನೆಯದರಲ್ಲಿ ಅವನು ತಪ್ಪು ಹಾಡಿದ್ದೂ ಸ್ಪಷ್ಟವಾಗಿ ಕೇಳಿಸಿತು, ತಾಳವೂ ಕೇಳಿಸಿತು. ತಿರುಗಿ ನೋಡಿದರೆ ಹೊಳಪೇ ಇಲ್ಲದ, ಮಣ್ಣಿನ ಬಣ್ಣದ ಮಹಾಗನಿ ಡ್ರೆಡ್‌ನಾಟ್. ಅದನ್ನೇ ತಂದೆ.

ಮನೆಯಲ್ಲಿ ಒಬ್ಬನೇ ಕೂತು ನುಡಿಸಿದರೆ ಅದು ಬರೀ ಸಪ್ಪೆ. ಮನೆಗೆ ಮಾರಿ, ಊರಿಗೆ ಉಪಕಾರಿ. ಹಾಗಾಗಿ ರಾತ್ರಿ ಹಳೆಯ ಸೀಡರ್ ಗಿಟಾರನ್ನೇ ಕೆಳಗಿಳಿಸುತ್ತೇನೆ. ಮೆಲ್ಲಗೆ ಮೀಟಿದರೆ ಈಗಲೂ ‘ಆಹಾ’ ಅನ್ನಿಸುತ್ತದೆ, ಆ ಗುಂಪಿನ ದಿನ ಒಳಗೆ ಬಿದ್ದ ಪಿಕ್ ಮಾತ್ರ ನಡುನಡುವೆ ಲೊಟಕ್ ಅನ್ನುತ್ತದೆ.