ಡಾರ್ಟ್‌ಮೂರಿನ ಬದುಗಳು ಒಂದೇ ಯೋಜನೆಯ ಫಲವೇ?

ಪರ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟ್‌ಮೂರ್ ಗುಡ್ಡಗಾಡಿನಲ್ಲಿ ಕಲ್ಲುಮಣ್ಣಿನ ತಗ್ಗು ಬದುಗಳು ಹುಲ್ಲು, ಪೊದೆಗಳ ನಡುವೆ ಮೈಲಿಗಟ್ಟಲೆ ಸಾಗುತ್ತವೆ. ಅಲ್ಲಿನವರು ಇವನ್ನು ‘ರೀವ್’ ಎನ್ನುತ್ತಾರೆ. ಇವು ಕಂಚಿನ ಯುಗದವು. ವಯಸ್ಸು ಸುಮಾರು 3,500 ವರ್ಷ. 1970ರ ದಶಕದಲ್ಲಿ ಪುರಾತತ್ವಜ್ಞ ಆಂಡ್ರ್ಯೂ ಫ್ಲೆಮಿಂಗ್ ಇವುಗಳ ಜಾಡು ಹಿಡಿದಾಗ ಕಂಡದ್ದು ಅಲ್ಲೊಂದು ಇಲ್ಲೊಂದು ಹೊಲವಲ್ಲ. ಮೇಲಿನ ಹುಲ್ಲುಗಾವಲನ್ನು ಬೇರ್ಪಡಿಸುವ ಒಂದು ಉದ್ದನೆಯ ಗಡಿ, ಅದಕ್ಕೆ ಬಂದು ಸೇರುವ ಸಮಾನಾಂತರ ಸಾಲುಗಳು. ಡಾರ್ಟ್‌ಮೀಟ್ ಬಳಿ ಈ ಸಾಲುಗಳು ನದಿ ಕಣಿವೆಯ ಈಚೆಗೂ ಆಚೆಗೂ ಒಂದೇ ದಿಕ್ಕು ಹಿಡಿದಿವೆ. ತನ್ನ ಹೊಲಕ್ಕಷ್ಟೇ ಬದು ಹಾಕುವ ರೈತ ನೆಲ ಬಾಗಿದಂತೆ ಬದುವನ್ನೂ ಬಾಗಿಸುತ್ತಾನೆ. ಇಲ್ಲಿ ಇಳಿಜಾರು ಅಡ್ಡ ಬಂದರೂ ಸಾಲು ಜಗ್ಗಿಲ್ಲ. ರಾಜಾಜ್ಞೆಯೇ ಇರಬೇಕಿಲ್ಲ. ಹಲವು ಕುಲಗಳು ಕೂತು ಮಾತಾಡಿ, ಒಪ್ಪಿ ಮಾಡಿದ ಹದ್ದುಬಸ್ತು ಇದು. ಬರಹವೇ ಇಲ್ಲದ ಜನ ಇಷ್ಟು ದೊಡ್ಡ ಒಪ್ಪಂದಕ್ಕೆ ಬಂದರೆಂಬುದು ನನಗೆ ಇಂದಿಗೂ ಬೆರಗು.

ವಿರೋಧ

ಎತ್ತರದಿಂದ ತೆಗೆದ ಚಿತ್ರದಲ್ಲಿ ಎಲ್ಲ ಗೆರೆಗಳೂ ಒಂದೇ ದಿನ ಎಳೆದಂತೆ ಕಾಣುತ್ತವೆ. ಆ ನೋಟವನ್ನು ನಂಬಿ ಯೋಜನೆಯನ್ನು ಊಹಿಸುವುದು ಅವಸರ. ಅಗೆದಾಗ ಕೆಲವೆಡೆ ಕಲ್ಲಿನ ಬದುವಿನ ಅಡಿಯಲ್ಲೇ ಗೂಟ ನೆಟ್ಟ ಕುಳಿಗಳು ಸಿಕ್ಕಿವೆ. ಅಂದರೆ ಕಲ್ಲಿಗೆ ಮುಂಚೆ ಅಲ್ಲಿ ಮರದ ಬೇಲಿಯಿತ್ತು. ಬೇಲಿಗೂ ಮುಂಚೆ? ‘ಇಲ್ಲಿಯವರೆಗೆ ನಮ್ಮದು’ ಎಂಬ ಬಾಯಿಮಾತಿನ ರೂಢಿ ಇದ್ದಿರಲೇಬೇಕು. ಹಳೆಯ ಹಿಡುವಳಿಗಳೇ ತಲೆಮಾರುಗಳಲ್ಲಿ ಹಂತಹಂತವಾಗಿ ಬದುಗಳಾದವು ಎಂದು ಪುರಾತತ್ವಜ್ಞ ರಾಬರ್ಟ್ ಜಾನ್‌ಸ್ಟನ್ ವಾದಿಸಿದ್ದಾರೆ. ನನಗೆ ಒಪ್ಪಿಗೆಯಾಗುವುದು ಇದೇ.

ಸಮಾನಾಂತರ ಸಾಲಿಗೆ ಯೋಜಕನೇ ಬೇಕೆಂದಿಲ್ಲ. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಭಾಗವಾಗಿ, ಅವರ ಮಕ್ಕಳು ಮತ್ತೆ ಭಾಗವಾದ ಹೊಲವನ್ನು ನೋಡಿ: ಪಟ್ಟಿಯ ಪಕ್ಕ ಪಟ್ಟಿ, ಎಲ್ಲ ಒಂದೇ ದಿಕ್ಕಿಗೆ. ಅದಕ್ಕೆ ಯಾರೂ ನಕ್ಷೆ ಬರೆದಿರಲಿಲ್ಲ. ಮೊದಲ ಬದು ಹಿಡಿದ ದಿಕ್ಕನ್ನೇ ಮುಂದಿನವು ಹಿಡಿದವು. ಕಣಿವೆ ದಾಟುವ ಸಾಲುಗಳ ವಾದ ಗಟ್ಟಿಯಾದದ್ದೇ, ನಿಜ. ಆದರೆ ಆಚೆ ದಡದವರಿಗೂ ಈಚೆ ದಡದ ಬದು ಕಣ್ಣಿಗೆ ಬೀಳುತ್ತಿತ್ತಲ್ಲ!

ಗ್ರಾನೈಟಿನ ಮೇಲಿನ ಅಲ್ಲಿನ ಹುಳಿಮಣ್ಣಿನಲ್ಲಿ ಮೂಳೆ ಉಳಿಯುವುದಿಲ್ಲ. ಆದರೂ ಡಾರ್ಟ್‌ಮೂರಿನದೇ ಭಾಗವಾದ ಶಾ ಮೂರ್‌ನಲ್ಲಿ ಬದುವಿನ ಪಕ್ಕದ ಕಾಲುವೆಯಲ್ಲಿ ದನಕುರಿಗಳ ಗೊರಸಿನ ಗುರುತುಗಳು ಕೆಸರಿನಲ್ಲಿ ಅಚ್ಚೊತ್ತಿದಂತೆ ಉಳಿದಿದ್ದವು. ದಿನವೂ ಆ ಗೊರಸುಗಳ ಹಿಂದೆ ನಡೆದವರಿಗೆ ಎಲ್ಲಿ ತಡೆಯಬೇಕು, ಎಲ್ಲಿ ದಾರಿ ಬಿಡಬೇಕು ಎಂಬುದು ಗೊತ್ತಿತ್ತು. ಬದು ಹಾಕಿದವರೂ ಅವರೇ.