ಗೇರುಬೀಜ ಬಂದರಲ್ಲೇ ಬೆವರುತ್ತಾ ಕೂತಿತ್ತು

ಬೇರೆಯವರ ಆಮದು ಮಾಲಿನ ಕಾಗದಪತ್ರ ಕಸ್ಟಮ್ಸ್‌ನಲ್ಲಿ ಬಿಡಿಸಿಕೊಡುವುದು ನನ್ನ ಕೆಲಸ. ಶುಕ್ರವಾರ ಸಂಜೆ ಐದೂವರೆಗೆ ಕಸ್ಟಮ್ಸ್ ಅಧಿಕಾರಿಯಿಂದ ಕ್ವೆರಿ, ಅಂದರೆ ಪ್ರಶ್ನೆ, ಬಂತು. ಟಾಂಜಾನಿಯಾದ ಕಚ್ಚಾ ಗೇರುಬೀಜ, ಮೂರು ಕಂಟೈನರ್, ಕಾರ್ಕಳ ಕಡೆಯ ಕಾರ್ಖಾನೆಯದ್ದು. ಮೂಲದೇಶದ ಸರ್ಟಿಫಿಕೇಟ್ ಸ್ಪಷ್ಟವಾಗಿಲ್ಲವಂತೆ, ಮತ್ತೆ ಅಪ್‌ಲೋಡ್ ಮಾಡಬೇಕಂತೆ. ಹತ್ತೇ ನಿಮಿಷದಲ್ಲಿ ಮಾಡಿದೆ. ಅಧಿಕಾರಿ ಅದನ್ನು ತೆರೆದು ನೋಡಿದ್ದು ಸೋಮವಾರ ಮಧ್ಯಾಹ್ನ! ಅಷ್ಟರಲ್ಲಿ ಫ್ರೀ ಡೇಸ್ (ಕಂಟೈನರಿಗೆ ಶುಲ್ಕವಿಲ್ಲದ ದಿನಗಳು) ಮುಗಿದು ಡಿಟೆನ್ಶನ್, ಅಂದರೆ ಆಮೇಲಿನ ದಿನದಿನದ ಶುಲ್ಕ, ಏರತೊಡಗಿತ್ತು. ದುಡ್ಡು ಹೋಗಲಿ, ಈ ಸೆಕೆಗೆ ಮುಚ್ಚಿದ ಕಂಟೈನರಿನಲ್ಲಿ ಬೀಜ ಬೆವರುತ್ತೆ, ಬೂಸಲು ಹಿಡಿಯುತ್ತೆ. "ಇವತ್ತು ಹೆಂಗಸರಿಗೆ ಕೆಲಸ ಇಲ್ಲ ಅಂತ ಹೇಳಿ ಕಳಿಸಿದೆ ಮಾರಾಯ್ರೆ" ಅಂದರು ಕಾರ್ಖಾನೆಯವರು. ನನಗೆ ಉತ್ತರ ಹೊಳೆಯಲಿಲ್ಲ.

ಎಲ್ಲೋ ಕೂತ, ಮುಖ ಕಾಣದ ಅಧಿಕಾರಿ ಆನ್‌ಲೈನಿನಲ್ಲೇ ಕಾಗದ ಪರಿಶೀಲಿಸುವ ಫೇಸ್‌ಲೆಸ್ ಅಸೆಸ್‌ಮೆಂಟ್ 2020ರ ಜೂನ್ 8ರಂದು ಬೆಂಗಳೂರು, ಚೆನ್ನೈಯಲ್ಲಿ ಶುರುವಾಗಿ ಅಕ್ಟೋಬರ್ 31ರ ಹೊತ್ತಿಗೆ ದೇಶಕ್ಕೆಲ್ಲ ಬಂದಾಗ ಅದು ಬೇಡ ಅಂತ ನಾನು ತುಂಬಾ ಕೂಗಾಡಿದ್ದೆ. ಇವತ್ತು ಒಪ್ಪಿಕೊಳ್ಳುತ್ತೇನೆ, ಆ ಕೂಗಿನಲ್ಲಿ ಸ್ವಾರ್ಥವಿತ್ತು. ಪರಿಚಯದ ಬಲದಲ್ಲಿ ನನ್ನ ಫೈಲು ಮುಂದೆ ಸರಿದಾಗಲೆಲ್ಲ ಇನ್ಯಾರದ್ದೋ ಹಿಂದೆ ಬಿದ್ದಿರುತ್ತಿತ್ತು. ಆ ಕಾಲ ಮರಳಿ ಬರುವುದು ಬೇಡ. ಆದರೆ ಶುಕ್ರವಾರ ಸಂಜೆಯ ಪ್ರಶ್ನೆಗೆ ಶನಿವಾರ ಉತ್ತರ ಓದುವವರು ಬೇಡವೇ?

ತಪಾಸಣೆ ಸಡಿಲವಾದರೆ ಕಳ್ಳಮಾಲು ನುಗ್ಗುತ್ತೆ ಅನ್ನುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲು ಅಂತ ಬಂದ ಎರಡು ಕಂಟೈನರಿನಲ್ಲಿ ಸುಮಾರು ಮೂರು ಟನ್ ಹೆರಾಯಿನ್ ಸಿಕ್ಕಿದ್ದನ್ನು ನೆನಪಿಸುತ್ತಾರೆ. ಸರಿ. ಆದರೆ ಅದು ಸಿಕ್ಕಿದ್ದು ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ ಮೊದಲೇ ಸುಳಿವು ಇದ್ದದ್ದರಿಂದ. ಎಲ್ಲರ ಮಾಲನ್ನೂ ಮೂರು ದಿನ ಕೂರಿಸಿದ್ದರಿಂದಲ್ಲ. ವರ್ಷಗಟ್ಟಲೆ ಅದೇ ಮಾರಾಟಗಾರನಿಂದ ಅದೇ ಬೀಜ ತರಿಸುವವನ ಕಾಗದಕ್ಕೆ ಕೂತ ಅಧಿಕಾರಿಯ ಕಣ್ಣು ಹೊಸಬನ ಅನುಮಾನದ ಮಾಲಿಗೆ ತಪ್ಪಿದಂತೆಯೇ.

ದಾರಿ ಹೊಸದಾಗಿ ಹುಡುಕಬೇಕಿಲ್ಲ. ಯಾವ ಮಾಲು ತೆರೆಯಬೇಕು, ಯಾವುದು ಬಿಡಬೇಕು ಎಂದು ಹೇಳುವ ರಿಸ್ಕ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ ನಮ್ಮಲ್ಲಿ 2005ರಿಂದ ಇದೆ. 2017ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ವ್ಯಾಪಾರ ಸುಗಮತೆ ಒಪ್ಪಂದಕ್ಕೆ ನಾವೂ ಸಹಿ ಹಾಕಿದ್ದೇವೆ. ಮಾಲು ಬಿಟ್ಟಮೇಲೆ ಲೆಕ್ಕ ತಪಾಸಣೆ ಮಾಡಿ ಎಂದು ಅದರಲ್ಲೇ ಇದೆ. ಕಾಗದದ ಸಂಶಯವಾದರೆ ಬಾಂಡ್ ಬರೆಸಿಕೊಂಡು ಮಾಲು ಬಿಡಿ, ಆಮೇಲೆ ಕಾರ್ಖಾನೆಗೇ ಬಂದು ಪುಸ್ತಕ ನೋಡಿ. ಸುಳ್ಳು ಸಿಕ್ಕರೆ ದಂಡ ಹಾಕಿ, ಲೈಸೆನ್ಸೂ ಕಿತ್ತುಕೊಳ್ಳಿ. ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಸೋಮವಾರ ಸಂಜೆ ಔಟ್ ಆಫ್ ಚಾರ್ಜ್, ಅಂದರೆ ಮಾಲು ಬಿಡಲು ಕಸ್ಟಮ್ಸ್ ಅಪ್ಪಣೆ, ಆಯಿತು. ಮಂಗಳವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ಬಾಗಿಲು ತೆರೆದಾಗ ಒಂದು ಕಂಟೈನರಿನಿಂದ ಬೂಸಲಿನ ವಾಸನೆ ಮೂಗಿಗೆ ಹೊಡೆಯಿತು. ಬೀಜ ಆರಿಸಲು ಕೂತ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡಿದ್ದರು.