ಗ್ಯಾಸ್ ಖಾಲಿ ಆಗಿದೆ ಸಾರ್!

ಇವತ್ತು ಬೆಳಿಗ್ಗೆ ವೀಲ್ ಅಲೈನ್‌ಮೆಂಟ್ ಮಾಡ್ಸೋಕೆ ಹೋಗಿದ್ದೆ. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡ್ತಿ ಕಾರು ನಿಲ್ಸಿ, ಎಸಿ ತಂಪಾಗ್ತಿಲ್ಲ ನೋಡಪ್ಪಾ ಅಂದ್ರು. ಹುಡುಗ ಬಂದ, ಬಾನೆಟ್ ಎತ್ತಿದ, ಎರಡೇ ಸೆಕೆಂಡು, "ಗ್ಯಾಸ್ ಖಾಲಿ ಆಗಿದೆ ಸಾರ್, ಹಾಕ್ಬಿಡ್ಲಾ?" ಮೀಟರ್ ಇಲ್ಲ, ಮುಟ್ಟಿ ನೋಡಿದ್ದಿಲ್ಲ, ದಿವ್ಯದೃಷ್ಟಿ!

ಈ ಮಾತು ಕೇಳಿದ್ರೆ ನನ್ಗೆ ಮೈಯೆಲ್ಲಾ ಉರಿಯುತ್ತೆ. ಎಸಿ ಗ್ಯಾಸ್ ಏನ್ ಪೆಟ್ರೋಲಾ ಮಾರಾಯ್ರೇ, ಓಡಿದಷ್ಟೂ ಖಾಲಿ ಆಗೋಕೆ? ಕಂಪ್ರೆಸರ್ ಒತ್ತುತ್ತೆ, ಮುಂದೆ ಕಂಡೆನ್ಸರಲ್ಲಿ ಬಿಸಿ ಬಿಟ್ಟು ದ್ರವ ಆಗುತ್ತೆ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯ್ಲಲ್ಲಿ ಮತ್ತೆ ಆವಿ ಆಗಿ ಕಾರೊಳಗಿನ ಬಿಸಿ ಹೀರ್ಕೊಂಡು ವಾಪಸ್ ಬರುತ್ತೆ, ಅಷ್ಟೆ, ಅದೇ ಗ್ಯಾಸು ಸುತ್ತಿದ್ದೇ ಸುತ್ತಿದ್ದು. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಾನೇ ಅರ್ಥ. ತಳ ತೂತಾಗಿರೋ ಕೊಡಕ್ಕೆ ನೀರ್ ತುಂಬ್ಸಿ ದುಡ್ಡು ತಗೊಂಡಂಗೆ ಇದು.

ಈಗ ನಗಬೇಡಿ. ನಾನು ಪಿಯುಸಿ ಮಕ್ಕಳಿಗೆ ಥರ್ಮೋಡೈನಮಿಕ್ಸ್ ಪಾಠ ಮಾಡೋನು ಅಂತ ನಿಮಗೆಲ್ಲಾ ಗೊತ್ತು. ಬೋರ್ಡ್ ಮೇಲೆ ರೆಫ್ರಿಜರೇಟರ್ ಚಿತ್ರ ಬರ್ದು ಬಾಣದ ಗುರುತು ಹಾಕಿ ಇಪ್ಪತ್ತು ವರ್ಷ ಆಯ್ತು. ಅಂಥ ನಾನೇ ಮೂರು ವರ್ಷ, ಯುಗಾದಿ ಬಂತು ಅಂದ್ರೆ ಬೇವು ಬೆಲ್ಲದ ಜೊತೆ ಗ್ಯಾಸೂ ಹಾಕ್ಸಿದೀನಿ. ಒಂದ್ಸಲಾನೂ "ಹೋದ್ ವರ್ಷ ಹಾಕಿದ್ದು ಎಲ್ಲಿಗ್ ಹೋಯ್ತಪ್ಪಾ" ಅಂತ ಬಾಯಿ ಬಿಡ್ಲಿಲ್ಲ. ಹೆಂಡ್ತಿ ಕೇಳಿದ್ಲು. ನಿನಗೆ ಗೊತ್ತಾಗಲ್ಲ ಸುಮ್ನಿರು ಅಂದಿದ್ದೆ.

ಕೊನೆಗೆ ಈ ವರ್ಷ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಬೇಯ್ತಾ ಬೇಯ್ತಾ ಒಬ್ರು ಹಳೇ ಮೆಕ್ಯಾನಿಕ್ ಹತ್ರ ಹೋದೆ. ಅವರು ಇಂಜಿನ್ ಆಫ್ ಇದ್ದಾಗ್ಲೇ ಒತ್ತಡ ಅಳೆಯೋ ಗೇಜ್ ಹಾಕಿದ್ರು, ನೀಲಿ ಪೈಪು ಲೋ ಸೈಡಿಗೆ (ಎಸಿ ಓಡುವಾಗ ಒತ್ತಡ ಕಮ್ಮಿ ಇರೋ ಕಡೆ), ಕೆಂಪು ಹೈ ಸೈಡಿಗೆ (ಜಾಸ್ತಿ ಇರೋ ಕಡೆ). ನನ್ನ ಕಾರಿನ ಎಸಿ ಗ್ಯಾಸಿನ ಹೆಸರು ಆರ್134ಎ. ಮೂವತ್ತು ಡಿಗ್ರೀಲಿ ಅದರ ಒತ್ತಡ ಸುಮಾರು 97 ಪಿಎಸ್‌ಐ ಇರ್ಬೇಕು, ನನ್ನ ಕಾರಲ್ಲಿ ಐವತ್ತೂ ಇರ್ಲಿಲ್ಲ. ಆಮೇಲೆ ಅವರು ಹೇಳಿದ ಮಾತಿಗೆ ನಾನು ತಲೆ ತಗ್ಗಿಸ್ದೆ: "ಸಾರ್, ನಿಂತಾಗ ಮುಳ್ಳು ಸರಿ ತೋರ್ಸಿದ್ರೂ ಗ್ಯಾಸ್ ಫುಲ್ ಇದೆ ಅಂತಲ್ಲ. ಒಳಗೆ ಒಂಚೂರು ದ್ರವ ಉಳಿದಿದ್ರೂ ಅಷ್ಟೇ ತೋರ್ಸುತ್ತೆ. ಎಷ್ಟು ಗ್ರಾಂ ಅನ್ನೋಕೆ ತಕ್ಕಡೀನೇ ಬೇಕು." ಇದನ್ನೇ ತಾನೇ ನಾನು ಕ್ಲಾಸಲ್ಲಿ ಸ್ಯಾಚುರೇಟೆಡ್ ವೇಪರ್ ಪ್ರೆಶರ್ ಅಂತ ಒದರೋದು!

ಆಮೇಲೆ ನೈಟ್ರೋಜನ್ ತುಂಬ್ಸಿ, ಸೋಪಿನ ನೊರೆ ಹಚ್ತಾ ಬಂದ್ರು. ಕಂಡೆನ್ಸರ್ ಸರಿ, ಜಾಯಿಂಟ್‌ಗಳ ಓ-ರಿಂಗ್ ಸರಿ. ಗ್ಯಾಸ್ ತುಂಬೋ ಪೋರ್ಟಿನ ವಾಲ್ವ್ ಪಿನ್ ಇದ್ಯಲ್ಲ, ಟೈರಿಗೆ ಗಾಳಿ ಹೊಡೆಯೋ ಕಡೆ ಇರೋ ಥರದ್ದು, ಅಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ, ನಿಧಾನಕ್ಕೆ ದಪ್ಪ ಆಗಿ ಪಟ್ ಅಂತು. ಮತ್ತೊಂದು ಬಂತು. ಪೋರ್ಟಿನ ಮೇಲಿನ ಪ್ಲಾಸ್ಟಿಕ್ ಕ್ಯಾಪ್ ಇಲ್ಲ. ಗ್ಯಾಸ್ ಹಾಕಿದ ಯಾವನೋ ಮಹಾನುಭಾವ ವಾಪಸ್ ಹಾಕೋದು ಮರ್ತಿದಾನೆ, ಧೂಳು ಹೋಗಿ ಪಿನ್ ಕೂತಿಲ್ಲ. ಪಿನ್ನೂ ಕ್ಯಾಪೂ ಸೇರಿ ನೂರು ರೂಪಾಯಿ ಒಳಗೆ. ಅರ್ಧ ಗಂಟೆ ವ್ಯಾಕ್ಯೂಮ್ ಎಳೆದ್ರು (ಒಳಗೆ ತೇವ ಇದ್ರೆ ಆವಿ ಆಗಿ ಹೊರಗೆ ಬರ್ಲಿ ಅಂತ), ಪಂಪ್ ಬಂದ್ ಮಾಡಿ ಮುಳ್ಳು ಏರಲ್ಲ ಅಂತ ಕಾದು ನೋಡಿದ್ರು, ಬಾನೆಟ್ ಕೆಳಗಿನ ಸ್ಟಿಕ್ಕರ್ ಓದಿ 450 ಗ್ರಾಂ ತೂಗಿ ಹಾಕಿದ್ರು. ಮೂರು ವರ್ಷ ಆ ಸ್ಟಿಕ್ಕರ್ ನನ್ನನ್ನೇ ನೋಡ್ತಿತ್ತು.

ರಬ್ಬರ್ ಹೋಸಿಂದ ಸ್ವಲ್ಪ ಸ್ವಲ್ಪ ಗ್ಯಾಸ್ ಹೋಗೋದು ಸಹಜ ಅಲ್ವಾ ಅಂತ ಕೆಲವರು ಕಾಮೆಂಟ್ ಹಾಕ್ತೀರ, ಗೊತ್ತು. ಹೋಗುತ್ತೆ ಸ್ವಾಮಿ, ವರ್ಷಗಟ್ಲೆ ಹಿಡಿಯುತ್ತೆ ಗೊತ್ತಾಗೋಕೆ, ಪ್ರತಿ ಯುಗಾದಿಗೂ ಕ್ಯಾಲೆಂಡರ್ ನೋಡ್ಕೊಂಡು ಹೋಗಲ್ಲ. ಕಸ್ಟಮರ್‌ಗೇ ಟೈಮಿಲ್ಲ, ಲೀಕ್ ಟೆಸ್ಟ್ ಅಂದ್ರೆ ಮುಖ ಸಿಂಡರಿಸ್ತಾರೆ ಅಂತಾನೂ ಗ್ಯಾರೇಜಿನೋರು ಹೇಳ್ತಾರೆ. ಹೂಂ, ಇದು ನನ್ನ ಕೆನ್ನೆಗೇ ಹೊಡ್ದಂಗೆ ಇದೆ, ಬೇಗ ಹಾಕಿ ಕಾಲೇಜಿಗೆ ಹೊತ್ತಾಯ್ತು ಅಂದೋನು ನಾನೇ. ಆದ್ರೂ ಡಾಕ್ಟ್ರು ರೋಗಿಗೆ ಟೈಮಿಲ್ಲ ಅಂತ ಜ್ವರ ನೋಡ್ದೆ ಇಂಜೆಕ್ಷನ್ ಚುಚ್ತಾರಾ? ಗ್ಯಾಸ್ ಸೋರುವಾಗ ಜೊತೆಗೆ ಆಯಿಲ್ಲೂ ಸೋರುತ್ತೆ, ಆಯಿಲ್ ಇಲ್ಲದ ಕಂಪ್ರೆಸರ್ ಕಚ್ಕೊಂಡ್ರೆ ಸಾವಿರಗಟ್ಲೆ ಕೈ ಬಿಡುತ್ತೆ. ಅಳತೆ ಇಲ್ದೆ ಜಾಸ್ತಿ ತುಂಬಿದ್ರೂ ತಂಪು ಕಮ್ಮೀನೇ. ಇನ್ನು ಆರ್134ಎ ಓಝೋನಿಗೆ ತೊಂದ್ರೆ ಕೊಡಲ್ಲ ನಿಜ, ಆದ್ರೆ ಭೂಮಿ ಬಿಸಿ ಮಾಡೋದ್ರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ನಾನು ತಂಪಾಗೋಕೆ ಮೂರು ವರ್ಷ ಊರು ಬಿಸಿ ಮಾಡಿದೀನಿ.

ಅದಕ್ಕೇ ಇವತ್ತು ತಡೆಯೋಕಾಗ್ದೆ ಮೂಗು ತೂರಿಸ್ದೆ. "ಮೊದ್ಲು ಲೀಕ್ ಎಲ್ಲಿದೆ ನೋಡಪ್ಪಾ" ಅಂದೆ. ಹುಡುಗ ನನ್ನ ಮೇಲಿಂದ ಕೆಳಗೆ ನೋಡ್ದ. "ಸಾರ್ ನೀವು ಮೆಕ್ಯಾನಿಕ್ಕಾ?"

"ಅಲ್ಲಪ್ಪ, ಮೇಷ್ಟ್ರು."

ಸುತ್ತ ಇದ್ದೋರೆಲ್ಲಾ ನಕ್ಕರು. ಆ ಯಜಮಾನ್ರು ಮಾತ್ರ ಸಮಾಧಾನವಾಗಿ, "ಹೋಗ್ಲಿ ಬಿಡಿ ಮೇಷ್ಟ್ರೇ, ಚಿತ್ರದುರ್ಗಕ್ಕೆ ಮದ್ವೆಗೆ ಹೋಗ್ಬೇಕು, ಈಗ ತಂಪಾದ್ರೆ ಸಾಕು" ಅಂದ್ರು. ಹುಡುಗ ಐದು ನಿಮಿಷದಲ್ಲಿ ಗ್ಯಾಸ್ ತುಂಬ್ಸಿ ದುಡ್ಡು ಎಣಿಸ್ಕೊಂಡ. ಅವನು ಬಾನೆಟ್ ಮುಚ್ಚೋ ಮುಂಚೆ ಬಗ್ಗಿ ನೋಡ್ದೆ. ಪೋರ್ಟಿಗೆ ಕ್ಯಾಪ್ ಇರ್ಲಿಲ್ಲ.